ಕಣಜದ ಮೇಲಿನ ಮುಖಗಳು

ನಗರವಾಸಿಗಳಾದ ನಾವು ನಿತ್ಯವೂ ಉಣ್ಣುತ್ತೇವೆ; ಆದರೆ ಬೆಳೆದವರ ಮುಖವನ್ನು ಕಾಣೆವು. ಆ ಮುಖವನ್ನೇ ಲೋಕಕ್ಕೆ ತೋರಿದ ಪುಟ್ಟ ಊರೊಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿದೆ. ಅದರ ಹೆಸರು ಬ್ರಿಮ್.

ಮೆಲ್ಬರ್ನ್ ನಗರದಿಂದ ವಾಯವ್ಯಕ್ಕೆ ಸುಮಾರು 350 ಕಿಲೋಮೀಟರು ಹೋದರೆ ಗೋದಿಯ ವಿಶಾಲವಾದ ಬಯಲಿನಲ್ಲಿ ಈ ಊರು ಸಿಕ್ಕುತ್ತದೆ. ವೊಟ್ಜೊಬಾಲುಕ್ ಜನರು ಇಲ್ಲಿಯ ಮೂಲನಿವಾಸಿಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನಿಂದ ಬಂದವರು ಈ ಸೀಮೆಯಲ್ಲಿ ಉತ್ತು ಬಿತ್ತತೊಡಗಿದರು. ಬೆಳೆದ ಗೋದಿಯನ್ನು ತುಂಬಿಡಲು 1939ರಲ್ಲಿ ಕಾಂಕ್ರೀಟಿನ ಎತ್ತರವಾದ ಕಣಜಗಳು ಎದ್ದವು. ಮುಂದೆ ಯಂತ್ರಗಳು ಬಂದು ಹೊಲಗಳು ಹಿಗ್ಗಿದವು. ದುಡಿಯುವ ಕೈಗಳು ಕಡಿಮೆ ಸಾಕಾದವು. ತರುಣರು ಪಟ್ಟಣಗಳತ್ತ ನಡೆದರು. ಹಳೆಯ ಕಣಜಗಳೂ ಬರಿದಾದವು.

ಅನಾವೃಷ್ಟಿಯ ಆ ದಿನಗಳಲ್ಲಿ ಗೈಡೊ ವ್ಯಾನ್ ಹೆಲ್ಟೆನ್ ಎಂಬ ಕಲಾವಿದನು ಬರಿದಾದ ನಾಲ್ಕು ಕಣಜಗಳ ಮೇಲೆ ನಾಲ್ವರು ರೈತರ ಬೃಹತ್ ಚಿತ್ರವನ್ನು ಬರೆದನು. 2016ರ ಆರಂಭದಲ್ಲಿ ಅದು ಮುಗಿಯಿತು. ಚಿತ್ರದಲ್ಲಿರುವವರು ಯಾರೆಂದು ಹೆಸರಿಲ್ಲ. ಆದುದರಿಂದಲೇ ಅವರು ಎಲ್ಲ ರೈತರ ಪ್ರತಿನಿಧಿಗಳು. ಅದನ್ನು ನೋಡಲು ಜನರು ದೂರದಿಂದ ಬರತೊಡಗಿದರು. ನೆರೆಯ ಊರುಗಳೂ ತಮ್ಮ ಕಣಜಗಳಿಗೆ ಚಿತ್ರ ಬರೆಸಿದವು. ಇಂದು ಈ ಊರುಗಳನ್ನು ಕೂಡಿಸುವ 200 ಕಿಲೋಮೀಟರಿಗೂ ಮಿಕ್ಕಿದ ಚಿತ್ರಯಾತ್ರೆಯ ದಾರಿಯೇ ಇದೆ.

ಚಿತ್ರವು ಮಳೆಯನ್ನು ತರಲಾರದು, ನಿಜ. ಆದರೆ ಮರೆತವರನ್ನು ನೆನಪಿಗೆ ತರಬಲ್ಲದು. ಊಟಕ್ಕೆ ಕುಳಿತಾಗ ನಾವೂ ಅಂಥದೊಂದು ಮುಖವನ್ನು ನೆನೆಯೋಣ.