ಪಾರ್ಕಿನ್ಸನ್ ರೋಗಿಗಳ ಕಾಲುಸೆಳೆತ: ತಪ್ಪು ಕಲ್ಪನೆ ಮತ್ತು ಸತ್ಯ

ಪಾರ್ಕಿನ್ಸನ್ ಕಾಯಿಲೆಯುಳ್ಳ ತಂದೆಗೋ ತಾಯಿಗೋ ಪದೇಪದೇ ಕಾಲು ಹಿಡಿದುಕೊಳ್ಳುವುದನ್ನು ಬಹಳ ಮನೆಗಳಲ್ಲಿ ವಯೋಸಹಜ ನೋವೆಂದೋ ಕ್ಯಾಲ್ಸಿಯಂ ಕೊರತೆಯೆಂದೋ ನರದೌರ್ಬಲ್ಯವೆಂದೋ ತಿಳಿದು, ಬಾಳೆಹಣ್ಣು, ಬಿ12 ಮಾತ್ರೆ, ಎಣ್ಣೆ ನೀವುವುದರಲ್ಲೇ ತಿಂಗಳುಗಳನ್ನು ಕಳೆಯಲಾಗುತ್ತದೆ. ಮೈಯಲ್ಲಿ ನೀರಿನಂಶ ಕುಗ್ಗಿದಾಗ ಅಥವಾ ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಗಳಿಂದ ಸಾಮಾನ್ಯ ಸ್ನಾಯುಸೆಳೆತ ಇವರಿಗೂ ಬರಬಹುದು. ಆದರೆ ಬೆಳಗಿನ ಜಾವ ಪಾದ ಒಳಕ್ಕೆ ತಿರುಚಿಕೊಂಡು, ಬೆರಳುಗಳು ಮಡಚಿ ಅಥವಾ ಹೆಬ್ಬೆರಳು ಸೆಟೆದು, ಮೀನಖಂಡ ಬಹುಹೊತ್ತು ಬಿಗಿದೇ ಇದ್ದರೆ ಅದು ಹೆಚ್ಚಾಗಿ ಡಿಸ್ಟೋನಿಯಾ, ಎಂದರೆ ಮಿದುಳಿನ ತಪ್ಪು ಆಜ್ಞೆಯಿಂದ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುವ ಸ್ಥಿತಿ.

ಇದರ ಮೂಲ ಕಾಲಿನಲ್ಲಿಲ್ಲ. ಚಲನೆಯನ್ನು ಹದಗೊಳಿಸುವ ಡೋಪಮೈನ್ ಎಂಬ ರಾಸಾಯನಿಕದ ಕೊರತೆಯನ್ನು ತುಂಬಲು ಕೊಡುವ ಲೆವೊಡೋಪಾ ಔಷಧಿ ರಕ್ತದಲ್ಲಿ ಸುಮಾರು 90 ನಿಮಿಷಗಳಲ್ಲಿ ಅರ್ಧಕ್ಕಿಳಿಯುವುದರಿಂದ, ರಾತ್ರಿಯ ಮಾತ್ರೆಯ ಪ್ರಭಾವ ಮುಗಿದು ಬೆಳಗಿನದು ಇನ್ನೂ ಹೊಟ್ಟೆ ಸೇರದಿರುವ ಅವಧಿಯಲ್ಲಿ ಈ ಬಿಗಿತ ಉಲ್ಬಣಿಸುತ್ತದೆ. ಕೆಲವರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಔಷಧಿಯ ಪ್ರಭಾವ ಗರಿಷ್ಠವಾಗಿರುವಾಗಲೇ ಸೆಳೆತ ಬರುವುದುಂಟು. ಮೊದಲನೆಯದಕ್ಕೆ ವೈದ್ಯರು ಮಲಗುವಾಗ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನೋ ಏಳುವ ಮೊದಲೇ ಒಂದು ಪ್ರಮಾಣವನ್ನೋ ಸೂಚಿಸಬಹುದು, ಎರಡನೆಯದಕ್ಕೆ ಪ್ರಮಾಣವನ್ನು ತಗ್ಗಿಸಬೇಕಾಗಬಹುದು. ಆದ್ದರಿಂದ ಮಾತ್ರೆ ನುಂಗಿದ ಹೊತ್ತು, ಊಟದ ಹೊತ್ತು, ಸೆಳೆತ ಬಂದ ಹೊತ್ತುಗಳನ್ನು ಮಕ್ಕಳು ಒಂದು ವಾರ ಬರೆದಿಟ್ಟರೆ ಅದು ಯಾವ ಟಾನಿಕ್‌ಗಿಂತಲೂ ಹೆಚ್ಚು ಉಪಯುಕ್ತವಾದ ಸೇವೆಯಾಗುತ್ತದೆ. ಮಾತ್ರೆಗಳ ಹೊಂದಾಣಿಕೆಗೂ ಬಗ್ಗದ ಬಿಗಿತಕ್ಕೆ ಬೊಟುಲಿನಂ ಚುಚ್ಚುಮದ್ದು ಇದೆ.

ಮಾತ್ರೆಯಿಂದಲೇ ಕಾಲು ಎಳೆಯುತ್ತಿದೆಯೆಂದು ಅದನ್ನು ಮನೆಯಲ್ಲೇ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯಕಾರಿ ತಪ್ಪು. ಲೆವೊಡೋಪಾ ಥಟ್ಟನೆ ನಿಂತರೆ ತೀವ್ರ ಜ್ವರ, ಮೈ ಸೆಟೆದುಕೊಳ್ಳುವಿಕೆ, ಗೊಂದಲಗಳು ಕಾಣಿಸಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದು. ನಸುಗುನ್ನಿ ಬೀಜದ ಪುಡಿ ನಿರಪಾಯವೆಂಬ ಭಾವನೆಯೂ ಸರಿಯಲ್ಲ, ಏಕೆಂದರೆ ಅದರಲ್ಲಿರುವುದು ನಿಜವಾದ ಲೆವೊಡೋಪಾವೇ ಆಗಿದ್ದು, ವೈದ್ಯರಿಗೆ ತಿಳಿಸದೆ ಸೇವಿಸಿದರೆ ಅಳತೆಯಿಲ್ಲದ ಇನ್ನೊಂದು ಪ್ರಮಾಣ ಸೇರಿದಂತಾಗುತ್ತದೆ. ಬೇಳೆ, ಹಾಲು, ಮೊಟ್ಟೆಗಳ ಪ್ರೋಟೀನ್ ಕೆಲವರಲ್ಲಿ ಲೆವೊಡೋಪಾದ ಹೀರಿಕೆಗೆ ಅಡ್ಡಬರುವುದು ನಿಜವಾದರೂ, ಸೊರಗಿದ ಹಿರಿಯರಿಗೆ ಅವುಗಳನ್ನು ಬಿಡಿಸಬಾರದು. ಸಾಮಾನ್ಯವಾಗಿ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಟ್ಟರೆ ಸಾಕು. ಸೆಳೆತಕ್ಕೆ ಹಿಂದೆ ಧಾರಾಳವಾಗಿ ಕೊಡುತ್ತಿದ್ದ ಕ್ವಿನೈನ್ ರಕ್ತದ ಪ್ಲೇಟ್‌ಲೆಟ್‌ಗಳಿಗೂ ಹೃದಯದ ಲಯಕ್ಕೂ ಹಾನಿ ಮಾಡಬಲ್ಲದು.

ಸೆಳೆತ ಬಂದ ಕ್ಷಣದಲ್ಲಿ ಮಂಡಿಯನ್ನು ನೇರವಾಗಿಸಿ ಪಾದವನ್ನು ನಿಧಾನವಾಗಿ ಮೊಣಕಾಲಿನತ್ತ ಎಳೆದು ಹಿಡಿಯುವುದು ಹಿತಕರ. ಆದರೆ ಒಂದೇ ಕಾಲು ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿರುವುದರಿಂದ, ಅದನ್ನು ನೀವದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್‌ಗಳು ಡೋಪಮೈನ್‌ನ ಕೆಲಸವನ್ನೇ ತಡೆಯುವುದರಿಂದ, ಸಣ್ಣ ತೊಂದರೆಗೆಂದು ಬೇರೆ ವೈದ್ಯರನ್ನು ಕಂಡಾಗಲೂ ಪಾರ್ಕಿನ್ಸನ್ ಇರುವುದನ್ನು ಮೊದಲೇ ತಿಳಿಸುವುದು ಅವಶ್ಯ.