ತಾಯಿ ಕಾರ್ಡ್ ಓದೋಣ, ನಮ್ಮ ಹಕ್ಕು ಕೇಳೋಣ

ಮನೆಯಲ್ಲಿ ಸೊಸೆ ಬಸುರಿ ಅಂದರೆ ನಮಗೆಲ್ಲ ಸಂತೋಷ. ಹಸಿರು ಬಳೆ ತೊಡಿಸುತ್ತೇವೆ. ಬಯಕೆ ಊಟ ಹಾಕುತ್ತೇವೆ. ಮಡಿಲು ತುಂಬುತ್ತೇವೆ. ಇದೆಲ್ಲ ಒಳ್ಳೆಯದೇ. ಆದರೆ ಅವಳ ಮೈಯಲ್ಲಿ ರಕ್ತ ಎಷ್ಟಿದೆ? ಬಿ.ಪಿ. ಎಷ್ಟಿದೆ? ಇದನ್ನು ನಾವು ಕೇಳುತ್ತೇವೆಯೇ?

'ಹೆರಿಗೆ ಅಂದ್ರೆ ಹೆಣ್ಣಿಗೆ ಮರುಹುಟ್ಟು. ಉಳಿಯೋದು ಬಿಡೋದು ಹಣೆಬರಹ' ಅನ್ನುವವರು ಇದ್ದಾರೆ. ತಾಯಂದಿರ ಸಾವಿಗೆ ದೊಡ್ಡ ಕಾರಣಗಳು ರಕ್ತಸ್ರಾವ, ಏರಿದ ಬಿ.ಪಿ. ಮತ್ತು ನಂಜು. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಇವುಗಳಿಂದ ತಾಯಿಯನ್ನು ಉಳಿಸಬಹುದು. ಹಣೆಬರಹ ಅಂತ ಕೈಕಟ್ಟಿ ಕೂರುವುದು ಬೇಡ.

ತಾಯಿ ಕಾರ್ಡಿನಲ್ಲಿ ಏನಿದೆ?

ಬಸುರಿ ಎಂದು ತಿಳಿದ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಬೇಕು. ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಬೇಕು. ಕಾರ್ಡನ್ನು ಪೆಟ್ಟಿಗೆಯಲ್ಲಿ ಇಟ್ಟರೆ ಸಾಲದು. ಈಗ ನಮಗೆ ಓದಲು ಬರುತ್ತದೆ. ಓದೋಣ.

ರಕ್ತದ ಅಂಶ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ಕ್ಕಿಂತ ಕಡಿಮೆ ಇದ್ದರೆ ಅಪಾಯ. ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬಿ.ಪಿ. 140/90 ಅಥವಾ ಅದಕ್ಕಿಂತ ಹೆಚ್ಚು ಇದ್ದರೂ ಕೂಡಲೇ ಡಾಕ್ಟರಿಗೆ ತೋರಿಸಬೇಕು. ಹೆರಿಗೆಗೆ ಮುಂಚೆ ಕಡಿಮೆ ಅಂದರೂ 4 ಸಲ ತಪಾಸಣೆ ಆಗಬೇಕು. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ ನುಂಗಬೇಕು. ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ. ಹೆದರಬೇಡಿ. 'ಕೂಸು ದಪ್ಪ ಆಗ್ತದೆ' ಅಂತ ಮಾತ್ರೆ ಬಿಸಾಡಬೇಡಿ.

ಯಾವುದಕ್ಕೆ ಹಣ ಕೊಡಬೇಕಾಗಿಲ್ಲ?

2011ರಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂತು. ಇದರಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ. ಸಿಸೇರಿಯನ್ ಆದರೂ ಉಚಿತ. ಔಷಧಿ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಬೇಕಾದರೆ ರಕ್ತ, ಎಲ್ಲ ಉಚಿತ. ಸಾಮಾನ್ಯ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಊಟ ಕೊಡಬೇಕು. ಮನೆಯಿಂದ ಕರೆದೊಯ್ಯಲು, ಮತ್ತೆ ಮನೆಗೆ ಬಿಡಲು ವಾಹನವೂ ಉಚಿತ. ಎಷ್ಟನೇ ಹೆರಿಗೆಯಾದರೂ ಸರಿ, ಬಡವರ ಕಾರ್ಡ್ ಇಲ್ಲದಿದ್ದರೂ ಸರಿ.

ಕೆಲವು ಕಡೆ 'ಗಂಡು ಮಗು ಆಗಿದೆ, ಖುಷಿಗೆ ಕೊಡಿ' ಅಂತ ಕೈಚಾಚುತ್ತಾರೆ. ಕೊಡಬೇಕಾಗಿಲ್ಲ. ಒತ್ತಾಯ ಮಾಡಿದರೆ ಆಸ್ಪತ್ರೆಯ ವೈದ್ಯಾಧಿಕಾರಿಗೆ, ಇಲ್ಲವೇ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದು ಕೊಡಿ. ಬರೆಯಲು ಕಲಿತಿದ್ದೇವಲ್ಲ!

ನಮ್ಮ ಮೈ, ನಮ್ಮ ಮಾತು

ಹೆರಿಗೆ ಕೋಣೆಯಲ್ಲಿ ಜೊತೆಗೆ ತಾಯಿಯೋ ಅಕ್ಕನೋ ಇದ್ದರೆ ಧೈರ್ಯ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೀಗೆ ಒಬ್ಬ ಹೆಂಗಸು ಜೊತೆಗಿರಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿದೆ. ಕೇಳೋಣ.

ಸಿಸೇರಿಯನ್ ಬೇಕು ಅಂದರೆ ಗಾಬರಿ ಬೇಡ. ಎಷ್ಟೋ ಸಲ ತಾಯಿ, ಕೂಸು ಇಬ್ಬರನ್ನೂ ಅದೇ ಉಳಿಸುತ್ತದೆ. ಆದರೆ 'ಯಾಕೆ ಬೇಕು ಡಾಕ್ಟ್ರೇ?' ಎಂದು ಕೇಳುವುದು ನಮ್ಮ ಹಕ್ಕು. ಕಾಗದ ಓದಿ, ಅರ್ಥ ಮಾಡಿಕೊಂಡು ಸಹಿ ಹಾಕೋಣ. ಹೆರಿಗೆಯಾದ ಮೇಲೆ ವಂಕಿ ಹಾಕಿಸಬೇಕೋ, ಆಪರೇಷನ್ ಮಾಡಿಸಬೇಕೋ ಎಂಬುದನ್ನೂ ತಾಯಿಯೇ ತೀರ್ಮಾನಿಸಬೇಕು. ಅವಳನ್ನು ಕೇಳದೆ ಯಾರೂ ಮಾಡುವಂತಿಲ್ಲ.

ಇವು ಕಂಡರೆ ತಡ ಬೇಡ

ರಕ್ತ ಹೋಗುವುದು, ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ಫಿಟ್ಸ್, ಕೂಸಿನ ಅಲುಗಾಟ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. 'ಗಂಡ ಬರಲಿ, ಬೆಳಗಾಗಲಿ' ಅಂತ ಕಾಯಬೇಡಿ.

'ಕೇಳಿದ್ರೆ ಬೈತಾರೆ' ಅಂತ ಒಬ್ಬಳಿಗೆ ಅಂಜಿಕೆ ಆಗಬಹುದು. ಸಂಘದ ಅಕ್ಕತಂಗಿಯರು ನಾಲ್ಕು ಜನ ಜೊತೆಗೆ ಹೋದರೆ ಅಂಜಿಕೆ ಇರುವುದಿಲ್ಲ. ನಿಮ್ಮ ಕೇರಿಯಲ್ಲಿ ಯಾರು ಬಸುರಿ ಇದ್ದಾರೆ? ಇವತ್ತೇ ಅವರ ಮನೆಗೆ ಹೋಗಿ. ತಾಯಿ ಕಾರ್ಡ್ ತೆಗೆಸಿ. ರಕ್ತ ಎಷ್ಟು, ಬಿ.ಪಿ. ಎಷ್ಟು, ಮುಂದಿನ ತಪಾಸಣೆ ಯಾವತ್ತು? ಜೋರಾಗಿ ಓದಿ. ಮನೆಯವರೆಲ್ಲ ಕೇಳಲಿ.