ಮಬ್ಬು ಬಿಯರು, ಬಿಳಿ ಬೆಲ್ಲ

ಕಳೆದ ಜನವರಿಯಲ್ಲಿ ರಬಕವಿ-ಬನಹಟ್ಟಿಯಿಂದ ಮಹಾಲಿಂಗಪುರ ಮಾರ್ಗವಾಗಿ ಮುಧೋಳಕ್ಕೆ ಹೊರಟಿದ್ದೆ. ಜೊತೆಗಿದ್ದವನು ಬನಹಟ್ಟಿಯ ನೇಕಾರ ಮನೆತನದ ತರುಣ, ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮಗ. ರಸಾಯನಶಾಸ್ತ್ರ ಓದಿದ ಆತ ಬೆಂಗಳೂರಿನ ಮೈಕ್ರೋಬ್ರೂವರಿಯೊಂದರಲ್ಲಿ ಬಿಯರ್ ತಯಾರಿಸುವ ಕೆಲಸದಲ್ಲಿದ್ದಾನೆ. ದಾರಿಯಲ್ಲಿ ಬೆಲ್ಲದ ಗಾಣವೊಂದರ ಮುಂದೆ ಕಾರು ನಿಲ್ಲಿಸಿದೆವು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುತ್ತಿತ್ತು. ಬೆಂಡೆ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ನೆನೆಸಿ ತೆಗೆದ ಲೋಳೆಯನ್ನು ಗಾಣದವನು ಅದಕ್ಕೆ ಸುರಿದ. ಸ್ವಲ್ಪ ಹೊತ್ತಿನಲ್ಲಿ ಕಲ್ಮಷವೆಲ್ಲ ಒಂದುಗೂಡಿ ಹಸಿರುಗಪ್ಪು ನೊರೆಯಾಗಿ ಮೇಲೆ ಬಂದಿತು. ಜಾಲರಿ ಸೌಟಿನಿಂದ ಅದನ್ನು ಬಳಿದು ಎಸೆಯುತ್ತಿದ್ದುದನ್ನು ಕಣ್ಣಗಲಿಸಿ ನೋಡುತ್ತಿದ್ದ ತರುಣ ನಕ್ಕು ಹೇಳಿದ: ‘ಸರ್, ಇವರು ಬಳಿದು ಎಸೆಯುವುದನ್ನೇ ನಾವು ಗ್ಲಾಸಿನಲ್ಲಿ ಉಳಿಸಿಕೊಳ್ಳಲು ಒದ್ದಾಡುತ್ತೇವೆ.’

ನಾನು ಮದ್ಯಪಾನಿಯಲ್ಲ. ಬಿಯರ್ ಕುರಿತು ನನಗಿದ್ದ ತಿಳಿವಳಿಕೆ ಅಬಕಾರಿ ಆದಾಯದ ಅಂಕಿ ಅಂಶಗಳಿಗೆ ಸೀಮಿತವಾದದ್ದು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಮುಧೋಳ ತಲುಪುವವರೆಗೂ ಪ್ರಶ್ನೆ ಕೇಳುತ್ತಲೇ ಹೋದೆ.

ಶತಮಾನಕ್ಕೂ ಹೆಚ್ಚು ಕಾಲ ಬಿಯರ್ ಉದ್ಯಮ ಮಬ್ಬನ್ನು ದೋಷವೆಂದೇ ಪರಿಗಣಿಸಿತ್ತು. ಗಾಜಿನ ಲೋಟದಾಚೆ ಎದುರಿಗಿರುವುದು ಸ್ಪಷ್ಟವಾಗಿ ಕಾಣಬೇಕು ಎಂಬುದು ಗುಣಮಟ್ಟದ ಅಳತೆಗೋಲು. ಬವೇರಿಯದ ಗೋಧಿ ಬಿಯರಿನಂತಹ ಕೆಲವು ಅಪವಾದಗಳಿದ್ದವು, ಅಷ್ಟೆ. ಅಮೆರಿಕದ ವರ್ಮಾಂಟ್ ರಾಜ್ಯದ ವಾಟರ್‌ಬರಿ ಎಂಬ ಪುಟ್ಟ ಊರಿನಲ್ಲಿ 2003ರಲ್ಲಿ ಆರಂಭವಾದ ‘ದಿ ಆಲ್ಕೆಮಿಸ್ಟ್’ ಎಂಬ ಬ್ರೂವರಿ ತನ್ನ ‘ಹೆಡಿ ಟಾಪರ್’ ಬಿಯರನ್ನು ಸೋಸದೆ ಮಾರಿತು. ರುಚಿ ಜನರಿಗೆ ಹಿಡಿಸಿತು. ಮಬ್ಬು ರುಚಿಯ ಗುರುತಾಯಿತು. 2018ರಲ್ಲಿ ಅಮೆರಿಕದ ಬ್ರೂವರ್‌ಗಳ ಸಂಘ ಮಬ್ಬು ಬಿಯರನ್ನು ಪ್ರತ್ಯೇಕ ಶೈಲಿಯೆಂದು ತನ್ನ ಪಟ್ಟಿಗೆ ಸೇರಿಸಿತು. 2011ರಿಂದ ಮೈಕ್ರೋಬ್ರೂವರಿಗಳು ತಲೆಯೆತ್ತಿದ ಬೆಂಗಳೂರಿಗೂ ಈ ರೂಢಿ ಬಂದಿದೆ. ನಿನ್ನೆಯವರೆಗೆ ದೋಷವಾಗಿದ್ದುದು ಇಂದು ಹೆಚ್ಚು ಬೆಲೆ ತರುವ ಗುಣ.

ಆದರೆ ಮಬ್ಬನ್ನು ಉಂಟುಮಾಡುವುದಕ್ಕಿಂತ ಅದನ್ನು ಉಳಿಸುವುದು ಕಷ್ಟ. ಧಾನ್ಯದ ಪ್ರೋಟೀನುಗಳೂ ಹಾಪ್ಸ್ ಹೂವಿನ ಮತ್ತು ಧಾನ್ಯದ ಸಿಪ್ಪೆಯ ಪಾಲಿಫೀನಾಲ್ ಎಂಬ ಒಗರು ವಸ್ತುಗಳೂ ಪರಸ್ಪರ ಅಂಟಿಕೊಂಡು ಬೆಳಕನ್ನು ಚದುರಿಸುವ ಸೂಕ್ಷ್ಮ ಕಣಗಳಾಗುತ್ತವೆ. ಇವೇ ಮಬ್ಬಿಗೆ ಮೂಲ. ಇವೆರಡರ ಪ್ರಮಾಣ ಹೊಂದಬೇಕು. ಒಂದು ಅತಿಯಾದರೆ ಇನ್ನೊಂದಕ್ಕೆ ಜೊತೆ ಸಾಲದು. ಕಣ ತೀರ ಸಣ್ಣದಾಗಿದ್ದರೆ ದ್ರವದ ಅಣುಗಳ ತಳ್ಳಾಟದಲ್ಲಿ ತೇಲುತ್ತಲೇ ಇರುತ್ತದೆ. ದೊಡ್ಡದಾದರೆ ತಳ ಸೇರುತ್ತದೆ. ಹತ್ತೊಂಬತ್ತನೆಯ ಶತಮಾನದ ಸ್ಟೋಕ್ಸ್ ನಿಯಮದಂತೆ ಕಣದ ವ್ಯಾಸ 2 ಪಟ್ಟಾದರೆ ಅದು ಇಳಿಯುವ ವೇಗ 4 ಪಟ್ಟಾಗುತ್ತದೆ. ಆದ್ದರಿಂದ ಬ್ರೂವರ್‌ನ ಜಾಣ್ಮೆಯೆಲ್ಲ ಕಣಗಳನ್ನು ಸಣ್ಣದಾಗಿ ಇರಿಸುವುದರಲ್ಲಿದೆ. ಅದಕ್ಕೆಂದೇ ಗೋಧಿ, ಓಟ್ಸ್‌ಗಳನ್ನು ಅಳೆದು ಸೇರಿಸಬೇಕು. ಹಾಪ್ಸ್ ಹಾಕುವ ಹೊತ್ತನ್ನು ಗಮನಿಸಬೇಕು. ತುಂಬುವಾಗ ಗಾಳಿ ತಾಗದಂತೆ ನೋಡಿಕೊಳ್ಳಬೇಕು. ಆಮ್ಲಜನಕ ಸೋಕಿದರೆ ಪಾಲಿಫೀನಾಲ್‌ಗಳು ಒಂದಕ್ಕೊಂದು ಕೂಡಿ ಬೆಳೆಯುತ್ತವೆ, ಕಣಗಳು ದಪ್ಪವಾಗಿ ತಳಕ್ಕಿಳಿಯುತ್ತವೆ, ಹೊಂಬಣ್ಣದ ಬಿಯರು ಕಂದಾಗುತ್ತದೆ. ಹಾಗಾಗಿ ಕೊನೆಯ ಗ್ರಾಹಕನವರೆಗೂ ಅದನ್ನು ತಣ್ಣಗೆ ಇಡಬೇಕು.

ಇಷ್ಟೆಲ್ಲ ಶ್ರಮವಿಲ್ಲದೆ ಮಬ್ಬು ತರುವ ದಾರಿಯೂ ಇದೆ ಎಂದು ತರುಣ ಹೇಳಿದ. ಕುದಿಯುವ ಪಾತ್ರೆಗೆ ಒಂದಿಷ್ಟು ಗೋಧಿ ಹಿಟ್ಟು ಕದಡಿದರೆ ಸಾಕು; ಇಲ್ಲವೆ ಯೀಸ್ಟ್ ಪೂರ್ತಿ ತಂಗುವ ಮುನ್ನವೇ ಬಡಿಸಿದರೆ ಸಾಕು. ನೋಡಲು ಎಲ್ಲವೂ ಒಂದೇ. ಆದರೆ ಪಿಷ್ಟವೂ ಯೀಸ್ಟೂ ದಪ್ಪ ಕಣಗಳು. ಕೆಲವು ದಿನ ನಿಲ್ಲಿಸಿದರೆ ತಳದಲ್ಲಿ ಕೆಸರು, ಮೇಲೆ ತಿಳಿ. ‘ಹಚ್ಚಿದ ಮಬ್ಬು ನಿಲ್ಲುವುದಿಲ್ಲ ಸರ್, ಒಳಗಿನಿಂದ ಬಂದದ್ದು ನಿಲ್ಲುತ್ತದೆ’ ಎಂದ.

ಈ ಮಾತು ನನ್ನನ್ನು ನಾಲ್ಕು ದಶಕ ಹಿಂದಕ್ಕೆ ಕರೆದೊಯ್ದಿತು. ಜಮಖಂಡಿ ಇನ್ನೂ ಅಖಂಡ ಬಿಜಾಪುರ ಜಿಲ್ಲೆಯಲ್ಲಿದ್ದ ಕಾಲ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಆಗ ನಾನು ಆ ಭಾಗದಲ್ಲಿ ಕಿರಿಯ ಅಧಿಕಾರಿ. ಘಟಪ್ರಭೆಯ ನೀರುಂಡ ಮುಧೋಳ, ಕೃಷ್ಣೆಯ ಮಗ್ಗುಲಿನ ಜಮಖಂಡಿ, ಬೀಳಗಿ, ಎಲ್ಲಿ ನೋಡಿದರೂ ಕಬ್ಬು; ಸಕ್ಕರೆ ಕಾರ್ಖಾನೆಗೆ ಹೋಗದ ಕಬ್ಬು ಗಾಣಕ್ಕೆ. ಒಂದು ದಿನ ಆ ಭಾಗದ ಮಾರುಕಟ್ಟೆಯೊಂದರಲ್ಲಿ ಹರಾಜು ನೋಡುತ್ತಿದ್ದೆ. ಬೆಲ್ಲದ ಪೆಂಟೆಯನ್ನು ಒಡೆದು, ಬಣ್ಣ ನೋಡಿ, ಬೆಲೆ ಕೂಗುತ್ತಿದ್ದರು. ವಯಸ್ಸಾದ ರೈತರೊಬ್ಬರ ಕಂದು ಬೆಲ್ಲಕ್ಕೆ ಪಕ್ಕದ ಬಿಳಿ ಬೆಲ್ಲಕ್ಕಿಂತ ಬಹಳ ಕಡಿಮೆ ಕೂಗು ಬಂತು. ಅವರು ನನ್ನತ್ತ ತಿರುಗಿ ಕೇಳಿದ್ದು ಇಷ್ಟೆ: ‘ಸಾಹೇಬ್ರ, ಅವ ಹೈಡ್ರೋಸ್ ಹಾಕ್ಯಾನ, ನಾ ಹಾಕಿಲ್ಲ. ತಪ್ಪು ಯಾರದು?’ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ್ದ ನನ್ನ ಬಳಿ ಉತ್ತರವಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಆ ಸಂಕ್ರಾಂತಿಗೆ ನಾನು ಮನೆಗೆ ಒಯ್ದದ್ದು ಬಿಳಿ ಬೆಲ್ಲವನ್ನೇ.

ಹೈಡ್ರೋಸ್ ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಇದು ಜವಳಿ ಉದ್ಯಮದಲ್ಲಿಯೂ ಬಳಕೆಯಲ್ಲಿರುವ ರಾಸಾಯನಿಕ. ಬಣ್ಣ ಹಾಕುವ ನೇಕಾರರ ಊರಿಗೆ ಅದು ಹೊಸದಲ್ಲ. ಕುದಿಯುವ ರಸಕ್ಕೆ ಬಿದ್ದರೆ ಕ್ಷಣಾರ್ಧದಲ್ಲಿ ಬಣ್ಣ ತಿಳಿಯಾಗುತ್ತದೆ. ಹಿಂದೆ ಉಳಿಯುವುದು ಗಂಧಕದ ಡೈಆಕ್ಸೈಡ್. ಬೆಲ್ಲದಲ್ಲಿ ಅದು 70 ಪಿಪಿಎಂ ಮೀರಬಾರದೆಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಆಸ್ತಮಾ ಇರುವ ಕೆಲವರಿಗೆ ಇದು ಉಸಿರಾಟದ ತೊಂದರೆ ತರಬಲ್ಲದು. ಇಷ್ಟಾಗಿಯೂ ಆ ಬಿಳುಪು ನಿಲ್ಲುವುದಿಲ್ಲ. ಗೋದಾಮಿನಲ್ಲಿ ಗಾಳಿ ಆಡುತ್ತ ಹೋದಂತೆ ಬೆಲ್ಲ ಮತ್ತೆ ಕಂದಾಗುತ್ತದೆ. ಹಿಟ್ಟಿನ ಮಬ್ಬು ತಳಕ್ಕಿಳಿಯುವಂತೆ ಹೈಡ್ರೋಸಿನ ಬಿಳುಪೂ ಇಳಿದುಹೋಗುತ್ತದೆ. ಆದರೆ ಅಷ್ಟರಲ್ಲಿ ಹರಾಜು ಮುಗಿದಿರುತ್ತದೆ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ವಿವರಿಸಿದ್ದು ಇದನ್ನೇ. ಸರಕಿನ ಗುಣ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ತಿಳಿಯದಿದ್ದರೆ, ಒಳ್ಳೆಯ ಸರಕು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತದೆ. 2001ರಲ್ಲಿ ಆತನಿಗೆ ನೊಬೆಲ್ ಬಂದಿತು. ನಮ್ಮ ರೈತನಿಗೆ ಈ ಸಿದ್ಧಾಂತ ಹರಾಜು ಕಟ್ಟೆಯ ಮೇಲೆಯೇ ಅರ್ಥವಾಗಿತ್ತು. ಅವನನ್ನು ದೂರುವುದು ಸುಲಭ. ಆದರೆ ಬಣ್ಣಕ್ಕೆ ಬೆಲೆ ಕಟ್ಟಿದವರು ನಾವು. ಅವನು ಬಣ್ಣವನ್ನು ಒದಗಿಸಿದ.

ಇಲ್ಲಿ ಒಂದು ಎಚ್ಚರವೂ ಅಗತ್ಯ. ಈಚೆಗೆ ನಗರಗಳಲ್ಲಿ ಕಪ್ಪು ಬೆಲ್ಲವೇ ಶುದ್ಧವೆಂಬ ನಂಬಿಕೆ ಹಬ್ಬುತ್ತಿದೆ. ಇದು ಹಳೆಯ ತಪ್ಪಿನ ಇನ್ನೊಂದು ಮುಖ. ಕಬ್ಬಿನ ತಳಿ, ಬಲಿತ ಪ್ರಮಾಣ, ಗೊಬ್ಬರ, ಮಣ್ಣು ಎಲ್ಲವೂ ಬೆಲ್ಲದ ಬಣ್ಣವನ್ನು ನಿರ್ಧರಿಸುತ್ತವೆ. ಅತಿ ನೀರಾವರಿಯಿಂದ ಚೌಳಾದ ಹೊಲದ ಕಬ್ಬು ಕಪ್ಪಾದ, ಉಪ್ಪಾದ ಬೆಲ್ಲ ಕೊಡುತ್ತದೆ. ಕಲ್ಮಷ ಸರಿಯಾಗಿ ತೆಗೆಯದಿದ್ದರೂ ಬೆಲ್ಲ ಕಪ್ಪೇ. ಒಳ್ಳೆಯ ಕಬ್ಬು, ಬೆಂಡೆಯ ಲೋಳೆ, ಹದವಾದ ಸುಣ್ಣದ ತಿಳಿ, ಹದವರಿತ ಬೆಂಕಿ ಕೂಡಿದರೆ ರಾಸಾಯನಿಕವಿಲ್ಲದೆಯೂ ಹೊಂಬಣ್ಣದ ಬೆಲ್ಲ ಬರುತ್ತದೆ. ಮಬ್ಬೆಂಬ ಮಾತ್ರಕ್ಕೆ ಬಿಯರು ಒಳ್ಳೆಯದಲ್ಲ, ತಿಳಿಯೆಂಬ ಮಾತ್ರಕ್ಕೆ ಕೆಟ್ಟದ್ದಲ್ಲ. ಬೆಲ್ಲಕ್ಕೂ ಅದೇ ಮಾತು. ಕಣ್ಣು ಒಳ್ಳೆಯ ಸಾಕ್ಷಿ, ಆದರೆ ಅದೊಂದೇ ಸಾಕ್ಷಿಯಾಗಬಾರದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಹರಾಜು ಕಟ್ಟೆಯಲ್ಲೇ ಪರೀಕ್ಷೆ ನಡೆಯಬೇಕು. ಗಂಧಕದ ಡೈಆಕ್ಸೈಡ್ ಅಳೆಯುವುದು ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಬಹುದಾದ ಕೆಲಸ. ಹಾಲಿನ ಸಂಘದಲ್ಲಿ ಜಿಡ್ಡು ಅಳೆದು ಬೆಲೆ ಕೊಡುವ ಪದ್ಧತಿಯನ್ನು ನಮ್ಮ ಹಳ್ಳಿಗಳು ಎಂದೋ ಒಪ್ಪಿಕೊಂಡಿವೆ. ಬೆಲ್ಲಕ್ಕೆ ಅದು ಏಕೆ ಆಗದು? ಎರಡನೆಯದಾಗಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ಬೆಲ್ಲವನ್ನು ಪ್ರತ್ಯೇಕ ರಾಶಿಯಾಗಿಟ್ಟು ಹರಾಜು ಹಾಕಬೇಕು. ಮೂರನೆಯದಾಗಿ, ಸರ್ಕಾರ ಬೆಲ್ಲ ಖರೀದಿಸುವಲ್ಲೆಲ್ಲ ಬಣ್ಣದ ಬದಲು ಪರೀಕ್ಷಾ ವರದಿಯನ್ನು ಕೇಳಬೇಕು. ಊರ ಹೆಸರಿಗೂ ಬೆಲೆಯಿದೆ. ಕೇರಳದ ಮರಯೂರಿನ ಗಾಢ ಕಂದು ಬೆಲ್ಲಕ್ಕೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು; ನೆರೆಯ ಕೊಲ್ಹಾಪುರದ ಬೆಲ್ಲಕ್ಕೆ ಅದಕ್ಕೂ ಮೊದಲೇ, 2014ರಲ್ಲಿ ದೊರೆತಿತ್ತು. ಒಂದು ಕಪ್ಪು, ಇನ್ನೊಂದು ಹೊಂಬಣ್ಣ. ಎರಡೂ ತಮ್ಮ ಹೆಸರಿನ ಮೇಲೆ ನಿಂತಿವೆ. ಮಹಾಲಿಂಗಪುರದ ಬೆಲ್ಲವೂ ಹಾಗೆ ನಿಲ್ಲಬೇಕಾದರೆ ಮೊದಲು ಆ ಹೆಸರಿನ ಹಿಂದೆ ಒಂದು ಭರವಸೆ ಇರಬೇಕು.

ಅಂದು ಗಾಣದಿಂದ ಹೊರಡುವಾಗ ಕಂದು ಪೆಂಟೆಯೊಂದನ್ನು ಕೊಂಡೆ. ಬಿಳಿಯದಕ್ಕಿಂತ ಕಡಿಮೆ ಬೆಲೆ ಹೇಳಿದ ಗಾಣದವನಿಗೆ ಬಿಳಿಯದರ ಬೆಲೆಯನ್ನೇ ಕೊಟ್ಟೆ. ಆತ ಅನುಮಾನದಿಂದ ನೋಟುಗಳನ್ನು ಎರಡು ಸಲ ಎಣಿಸಿದ. ನಾಲ್ಕು ದಶಕಗಳ ಹಿಂದಿನ ಆ ರೈತರ ಪ್ರಶ್ನೆಗೆ ಇದು ಉತ್ತರವಲ್ಲವೆಂದು ನನಗೂ ಗೊತ್ತು. ಒಬ್ಬ ನಿವೃತ್ತ ಅಧಿಕಾರಿಯ ಪಶ್ಚಾತ್ತಾಪದಿಂದ ಮಾರುಕಟ್ಟೆ ಬದಲಾಗದು. ಪ್ರಾಮಾಣಿಕನಿಗೆ ನಷ್ಟವಾಗದಂತೆ ನೋಡಿಕೊಳ್ಳುವ ನಿಯಮವೊಂದು ಹರಾಜು ಕಟ್ಟೆಗೆ ಬಂದ ದಿನ, ಬೆಲ್ಲ ಯಾವ ಬಣ್ಣದ್ದಾದರೂ ಆಗಿರಲಿ, ಅದನ್ನು ನಂಬಿ ಕೊಳ್ಳಬಹುದು.